ಹಸಿ ದನಿ ಮೊದಲು, ಬಣ್ಣ ಆಮೇಲೆ

ಕಾರ್ಗ್ ಟ್ರೈಟನ್ ಎಕ್ಸ್‌ಟ್ರೀಮ್ ಸಿಂಥಸೈಸರ್ ಕೊಂಡೆಯಂತೆ, ಅದೂ ಸೆಕೆಂಡ್ ಹ್ಯಾಂಡು. ಒಳ್ಳೇದಾಯ್ತಮ್ಮ. 2004ರ ಯಂತ್ರ, ಇವತ್ತಿಗೂ ದುಡಿಯುವ ಯಂತ್ರ. ಒಳಗಿರುವ ಪಿಯಾನೊ, ಸ್ಟ್ರಿಂಗ್ಸ್, ಬ್ರಾಸ್ ಎಲ್ಲ ನುಡಿಸಿ ನೋಡಿದ್ದೀಯ. ಈಗ ಚೌಡಿಕೆ, ಕಂಸಾಳೆ, ತಮಟೆ, ಡೊಳ್ಳುಗಳ ದನಿಯನ್ನು ಅದರೊಳಗೆ ಇಳಿಸಬೇಕು, ತಂಡದಲ್ಲಿ ಹಾಡುವವರ ಮೈಕನ್ನೂ ಅದರ ಎಫೆಕ್ಟಿನ ಮೂಲಕ ಹಾಯಿಸಬೇಕು ಅಂತ ಆಸೆ ಪಟ್ಟಿದ್ದೀಯ. ಆಸೆ ಸರಿಯಾಗಿಯೇ ಇದೆ. ರಸಮಂಜರಿ ವೇದಿಕೆಗಳಲ್ಲಿ ಕೀಬೋರ್ಡಿನ ಹಿಂದೆ ಕೂತು ತಲೆ ಬೆಳ್ಳಗೆ ಮಾಡಿಕೊಂಡವನ ನಾಲ್ಕು ಮಾತು ಕೇಳು, ಬೇಕಾದ್ದು ಇಟ್ಟುಕೋ.

ಮ್ಯಾನ್ಯುಯಲ್ ಓದು ಅಂತ ಎಲ್ಲರೂ ಹೇಳುತ್ತಾರೆ, ನಾನೂ ಹೇಳುತ್ತೇನೆ. ಆದರೆ ಯಾವ ಗುಂಡಿ ಎಲ್ಲಿದೆ ಎಂದು ಮ್ಯಾನ್ಯುಯಲ್ ಹೇಳುತ್ತದೆಯೇ ಹೊರತು ಯಾವುದನ್ನು ಯಾವಾಗ ಮುಟ್ಟಬಾರದು ಎಂದು ಹೇಳುವುದಿಲ್ಲ. ಅದಕ್ಕೆ ನಾನು ಇಟ್ಟುಕೊಂಡಿರುವ ಸೂತ್ರ ಒಂದೇ. ಹೊರಗಿನ ದನಿಯನ್ನು ಹಿಡಿದಿಡುವ ಈ ಸ್ಯಾಂಪಲಿಂಗ್‌ನಲ್ಲಿ ಮಾಡುವ ಪ್ರತಿ ಕೆಲಸದ ಮುಂದೆಯೂ ಒಂದು ಪ್ರಶ್ನೆ ಕೇಳಿಕೊ: ಇದನ್ನು ಆಮೇಲೆ ಮಾಡಬಹುದೆ? ಮಾಡಬಹುದಾದರೆ ಈಗ ಬೇಡ, ಆಮೇಲೆ ಮಾಡು. ಆಮೇಲೆ ಮಾಡಲಾಗದ್ದಾದರೆ ಎಷ್ಟು ಹೊತ್ತು ಹಿಡಿದರೂ ಸರಿ, ಈಗಲೇ ನೆಟ್ಟಗೆ ಮಾಡು.

ರಿವರ್ಬು, ಎಕೋ, ಕೋರಸ್ಸು, ಈಕ್ವಲೈಸರು ಇವೆಲ್ಲ ಆಮೇಲಿನ ಪಟ್ಟಿಗೆ ಸೇರಿದವು. ಮೈಕ್ ಇಡುವ ಜಾಗ, ಒಳಬರುವ ದನಿಯ ಮಟ್ಟ, ಹಿನ್ನೆಲೆಯ ಗೊಂಯ್ ಸದ್ದು, ವಾದ್ಯದ ಶ್ರುತಿ, ಪೆಟ್ಟಿನ ಮೊದಲ ಕ್ಷಣ, ದನಿ ಅಡಗುವ ಕೊನೆಯ ಎಳೆ ಇವೆಲ್ಲ ಈಗಿನ ಪಟ್ಟಿಗೆ. ಹೊಸಬರು ಈ ಎರಡು ಪಟ್ಟಿಗಳನ್ನು ಅದಲುಬದಲು ಮಾಡಿಕೊಳ್ಳುತ್ತಾರೆ. ಎಫೆಕ್ಟ್ ಹುಡುಕುತ್ತ ಸಂಜೆಯೆಲ್ಲ ಕಳೆದು, ಮೈಕನ್ನು ಮಾತ್ರ ಎರಡೇ ನಿಮಿಷದಲ್ಲಿ ಎಲ್ಲೋ ಒಂದು ಕಡೆ ನಿಲ್ಲಿಸಿಬಿಡುತ್ತಾರೆ.

ದನಿ ಒಳಗೆ ಬರುವ ಬಾಗಿಲು

ಯಂತ್ರದ ಹಿಂಭಾಗದಲ್ಲಿ ಆಡಿಯೋ ಇನ್‌ಪುಟ್ 1, 2 ಎಂದು ಎರಡು ಜಾಕ್ ಇವೆ. ಜೊತೆಗೆ ಮೈಕ್/ಲೈನ್ ಸ್ವಿಚ್ಚು, ಲೆವೆಲ್ ತಿರುಪು. ವೈರು ಚುಚ್ಚುವ ಮೊದಲು ಲೆವೆಲ್ಲನ್ನು ಪೂರ್ತಿ ಇಳಿಸು. ಸ್ವಿಚ್ಚು ಎಲ್ಲಿರಬೇಕು ಎಂಬುದು ಬರುವ ದನಿಯ ಬಲವನ್ನು ನೋಡಿಕೊಂಡು. ಮೈಕಿನ ವೈರು ನೇರವಾಗಿ ಬಂದರೆ ಮೈಕ್, ಮಿಕ್ಸರಿನಿಂದಲೋ ಬೇರೆ ಕೀಬೋರ್ಡಿನಿಂದಲೋ ಬಂದರೆ ಲೈನ್.

ಈ ಜಾಕ್‌ಗಳು 48 ವೋಲ್ಟ್‌ನ ಫ್ಯಾಂಟಮ್ ಪವರ್ ಕೊಡುವುದಿಲ್ಲ. ಶ್ಯೂರ್ ಎಸ್‌ಎಂ58 ಥರದ ಡೈನಮಿಕ್ ಮೈಕು ಇಲ್ಲಿ ನಡೆಯುತ್ತದೆ. ಕಂಡೆನ್ಸರ್ ಮೈಕು ಚುಚ್ಚಿ ಸದ್ದೇ ಬರುತ್ತಿಲ್ಲವೆಂದು ಯಂತ್ರವನ್ನು ರಿಪೇರಿಗೆ ಹೊತ್ತುಕೊಂಡು ಹೋಗಬೇಡ. ಅದಕ್ಕೆ ಫ್ಯಾಂಟಮ್ ಪವರ್ ಇರುವ ಚಿಕ್ಕ ಮಿಕ್ಸರ್ ಬೇಕು. ಮೈಕು ಮಿಕ್ಸರಿಗೆ, ಮಿಕ್ಸರಿನ ಲೈನ್ ಔಟ್ ಸಿಂಥಸೈಸರಿಗೆ. ನನ್ನನ್ನು ಕೇಳಿದರೆ ಡೈನಮಿಕ್ ಮೈಕಿಗೂ ಇದೇ ದಾರಿ ಒಳ್ಳೆಯದು, ಮಟ್ಟ ಹಿಡಿಯುವುದು ಸುಲಭ. ಗಿಟಾರಿನವರು ಬಂದರೆ ಒಂದು ಮಾತು ನೆನಪಿಟ್ಟುಕೊ. ಬ್ಯಾಟರಿಯಿಲ್ಲದ ಸಾದಾ ಪಿಕಪ್ಪಿನ ಗಿಟಾರನ್ನು ನೇರವಾಗಿ ಚುಚ್ಚಿದರೆ ದನಿ ಸೊರಗಿ ಬರುತ್ತದೆ. ನಡುವೆ ಡಿಐ ಬಾಕ್ಸೋ ಪ್ರೀಆಂಪೋ ಇರಲಿ.

ಇನ್ನು ದನಿಯ ಮಟ್ಟದ ವಿಷಯ. ಇಲ್ಲಿ ಸಾವಧಾನವಾಗಿ ಕೇಳು, ಯಾಕೆಂದರೆ ಹೊಸಬರು ಎಡವುವುದು ಇಲ್ಲೇ. ಒಳಬರುವ ದನಿಗೆ ಎರಡು ಕಾವಲು ಇವೆ. ಮೊದಲನೆಯದು ಹಿಂಭಾಗದ ಲೆವೆಲ್ ತಿರುಪು, ಎರಡನೆಯದು ಪರದೆಯ ಮೇಲಿನ ರೆಕಾರ್ಡಿಂಗ್ ಲೆವೆಲ್. ತಿರುಪು ಜಾಸ್ತಿಯಾದರೆ ದನಿ ಅಂಕಿಗಳಾಗಿ ಬದಲಾಗುವ ಜಾಗದಲ್ಲೇ ಒಡೆಯುತ್ತದೆ, ಪರದೆಯಲ್ಲಿ ‘ಎಡಿಸಿ ಓವರ್‌ಲೋಡ್’ ಎಂದು ಬರುತ್ತದೆ. ಪರದೆಯ ಲೆವೆಲ್ ಜಾಸ್ತಿಯಾದರೆ ‘ಕ್ಲಿಪ್’ ಎಂದು ಬರುತ್ತದೆ. ಮೊದಲನೆಯ ಕಾವಲಿನಲ್ಲಿ ಒಡೆದ ದನಿಯನ್ನು ಎರಡನೆಯದರಲ್ಲಿ ಎಷ್ಟು ಇಳಿಸಿದರೂ ಅದು ಮೆಲ್ಲಗೆ ಒಡೆದ ದನಿಯಾಗುತ್ತದೆ, ಅಷ್ಟೆ. ಆದ್ದರಿಂದ ಕ್ರಮ ಹೀಗೆ: ಡೊಳ್ಳಿನವರಿಗೆ ಅವರ ಜೋರಾದ ಪೆಟ್ಟನ್ನೇ ಹಾಕಲು ಹೇಳು. ಓವರ್‌ಲೋಡ್ ಬರದಷ್ಟು ತಿರುಪನ್ನು ಏರಿಸು. ಅದನ್ನು ಅಲ್ಲಿಗೆ ಬಿಟ್ಟು ಪರದೆಯ ಲೆವೆಲ್ಲಿಗೆ ಬಾ. ಅತಿ ಜೋರಿನ ಪೆಟ್ಟು ಮೇಲಿನ ಅಂಚಿಗಿಂತ ಸುಮಾರು 6 ಡೆಸಿಬಲ್ ಕೆಳಗೆ ನಿಲ್ಲಲಿ. ಪರೀಕ್ಷೆಗೆ ಬಾರಿಸುವಾಗ ಮೆಲ್ಲಗೆ ಬಾರಿಸಿ, ಹಿಡಿಯುವಾಗ ಹುರುಪಿನಿಂದ ಹೊಡೆಯುವುದು ಎಲ್ಲ ಕಲಾವಿದರ ಸ್ವಭಾವ. ಆ ಜಾಗ ಅವರ ಹುರುಪಿಗೆ ಮೀಸಲು.

ಹಾಗಂತ ಹೆದರಿ ತೀರಾ ಕೆಳಗೂ ಇಳಿಸಬೇಡ. ಈ ಯಂತ್ರ 48 ಕಿಲೋಹರ್ಟ್ಸ್, 16 ಬಿಟ್‌ನಲ್ಲಿ ದನಿ ಹಿಡಿಯುತ್ತದೆ. ಒಂದು ಬಿಟ್ಟಿಗೆ ಸುಮಾರು 6 ಡೆಸಿಬಲ್ ಲೆಕ್ಕ. ನೀನು 24 ಡೆಸಿಬಲ್ ಕೆಳಗೆ ಹಿಡಿದರೆ ನಾಲ್ಕು ಬಿಟ್ಟು ಕೈಬಿಟ್ಟ ಹಾಗೆ, ಉಳಿಯುವುದು ಹನ್ನೆರಡು. 1986ರ ಅಕೈ ಎಸ್900 ಸ್ಯಾಂಪ್ಲರಿನಲ್ಲಿ ಇದ್ದದ್ದೇ ಹನ್ನೆರಡು ಬಿಟ್ಟು. ಆ ಒರಟುತನ ಬೇಕೆಂದೇ ಹುಡುಕುವವರೂ ಇದ್ದಾರೆ, ಅದು ಬೇರೆ ಮಾತು. ನಿನಗೆ ಅದು ಅರಿವಿಲ್ಲದೆ ಬರಬಾರದು.

ಗೊಂಯ್ ಸದ್ದನ್ನೂ ಇಲ್ಲೇ ಕೊಲ್ಲಬೇಕು. ನಮ್ಮಲ್ಲಿ ಕರೆಂಟಿನದು 50 ಹರ್ಟ್ಸ್. ಮಿಕ್ಸರಿಗೊಂದು ಪ್ಲಗ್ಗು, ಕೀಬೋರ್ಡಿಗೆ ಇನ್ನೆಲ್ಲೋ ಒಂದು ಪ್ಲಗ್ಗು ಕೊಟ್ಟರೆ ಎರಡರ ಅರ್ತಿಂಗ್ ನಡುವೆ ಸುತ್ತುವ ಕರೆಂಟು ಆ ಸದ್ದನ್ನು ದನಿಯೊಳಗೆ ತರುತ್ತದೆ. ಎರಡಕ್ಕೂ ಒಂದೇ ಬೋರ್ಡಿನಿಂದ ಕೊಡು. ಗೊಂಯ್ ಹೋಗಲೆಂದು ಅರ್ತಿಂಗ್ ಪಿನ್ನನ್ನು ಮುರಿಯುವವರನ್ನು ಕಂಡಿದ್ದೇನೆ. ಪ್ರಾಣಕ್ಕೆ ಎರವಾಗುವ ಕೆಲಸ ಅದು, ಎಂದೂ ಬೇಡ. ಒಂದು ಕೀಯಲ್ಲಿ ಕೇಳಿಸದಷ್ಟು ಸಣ್ಣ ಗೊಂಯ್ ಇದ್ದರೂ ನಿರ್ಲಕ್ಷ್ಯ ಮಾಡಬೇಡ. ಸ್ಯಾಂಪಲ್ಲನ್ನು ಮೇಲಿನ ಸ್ಥಾಯಿಯ ಷಡ್ಜದಲ್ಲಿ ನುಡಿಸಿದಾಗ ಆ 50 ಹರ್ಟ್ಸ್ 100 ಆಗುತ್ತದೆ, ಪಂಚಮದಲ್ಲಿ 75 ಆಗುತ್ತದೆ. ಮೂರು ಕೀ ಒಟ್ಟಿಗೆ ಒತ್ತಿದರೆ ನಿನ್ನ ರಾಗದ ಕೆಳಗೆ ಕರೆಂಟಿನದೇ ಒಂದು ಶ್ರುತಿ ಹಿಡಿದಿರುತ್ತದೆ.

ವಾದ್ಯದ ಮುಂದೆ ಕೂತಾಗ

ಮೊದಲು ಕಲಾವಿದರ ಮಾತು ಕೇಳು, ಆಮೇಲೆ ಮೈಕ್ ಇಡು. ವಾದ್ಯದ ಗುಟ್ಟು ಅವರಿಗೆ ಗೊತ್ತು. ತಮಟೆಯನ್ನೇ ತೆಗೆದುಕೊ. ಬೆಂಕಿಗೆ ಹಿಡಿದು ಕಾಯಿಸಿದಾಗ ಚರ್ಮ ಬಿಗಿದು ದನಿ ಏರುತ್ತದೆ, ಆರುತ್ತ ಬಂದಂತೆ ಇಳಿಯುತ್ತದೆ. ನೀನು ಮೆಲು ಪೆಟ್ಟನ್ನು ಕಾದ ತಮಟೆಯಲ್ಲಿ ಹಿಡಿದು, ಟೀ ಕುಡಿದು ಬಂದು ಜೋರು ಪೆಟ್ಟನ್ನು ಆರಿದ ತಮಟೆಯಲ್ಲಿ ಹಿಡಿದರೆ ಅವೆರಡೂ ಒಂದೇ ವಾದ್ಯವೆಂದು ಯಾರೂ ನಂಬುವುದಿಲ್ಲ. ಒಂದು ಕಾವಿನಲ್ಲಿ ಎಲ್ಲ ಪೆಟ್ಟುಗಳೂ ಮುಗಿಯಬೇಕು. ಯಾವ ಪೆಟ್ಟು, ಎಷ್ಟು ಬಲ, ಯಾವ ಸರದಿ ಎಂದು ಮೊದಲೇ ಬರೆದಿಟ್ಟುಕೊ.

ಡೊಳ್ಳಿಗೆ ಎರಡು ಮುಖ. ಒಂದು ಕಡೆ ಕೋಲು, ಇನ್ನೊಂದು ಕಡೆ ಕೈ. ಒಂದೇ ಮೈಕನ್ನು ಕೋಲಿನ ಕಡೆ ಒತ್ತಿ ಇಟ್ಟರೆ ಅರ್ಧ ಡೊಳ್ಳು ಮಾತ್ರ ಸಿಗುತ್ತದೆ. ಸ್ವಲ್ಪ ಹಿಂದೆ ಸರಿದು ಎರಡೂ ಮುಖ ಕೇಳುವಂತೆ ಒಮ್ಮೆ ಹಿಡಿ, ಆಮೇಲೆ ಒಂದೊಂದು ಮುಖವನ್ನು ಹತ್ತಿರದಿಂದ ಹಿಡಿ. ಕಂಸಾಳೆಯ ಕಂಚು ತುಂಬ ಹೊತ್ತು ಮಿಡಿಯುತ್ತಿರುತ್ತದೆ. ಕಿವಿಗೆ ಪೂರ್ತಿ ನಿಂತಿತು ಅನ್ನಿಸಿದ ಮೇಲೂ ಉಸಿರು ಬಿಗಿಹಿಡಿದು ಇನ್ನಷ್ಟು ಹೊತ್ತು ಓಡಲು ಬಿಡು. ಕತ್ತರಿಸುವುದು ಆಮೇಲೂ ಆಗುತ್ತದೆ, ಕತ್ತರಿಸಿಹೋದ ಬಾಲವನ್ನು ಬೆಳೆಸಲು ಬರುವುದಿಲ್ಲ.

ಪೆಟ್ಟಿನ ಮೊದಲ ಕ್ಷಣವೂ ಹಾಗೆಯೇ. ದನಿ ಇಷ್ಟು ಮಟ್ಟ ದಾಟಿದಾಗ ತಾನಾಗಿ ಹಿಡಿಯಲು ಶುರುಮಾಡು ಎಂದು ಯಂತ್ರಕ್ಕೆ ಹೇಳಬಹುದು, ಅದಕ್ಕೆ ಥ್ರೆಶೋಲ್ಡ್ ಎನ್ನುತ್ತಾರೆ. ಒಬ್ಬಳೇ ಕೆಲಸ ಮಾಡುವಾಗ ಅನುಕೂಲ. ಆದರೆ ಮಟ್ಟ ದಾಟುವ ತನಕದ ಚೂರು ಕಳೆದುಹೋಗುತ್ತದೆ. ತಮಟೆಯ ಕೋಲು ಚರ್ಮಕ್ಕೆ ತಾಗುವ ‘ಟ’ ಇರುವುದೇ ಆ ಚೂರಿನಲ್ಲಿ. ಅದಕ್ಕೇ ಪ್ರೀ ಟ್ರಿಗರ್ ಎಂಬ ಸೌಲಭ್ಯ ಇಟ್ಟಿದ್ದಾರೆ, ಮಟ್ಟ ದಾಟುವುದಕ್ಕಿಂತ ಕೆಲವು ಮಿಲಿಸೆಕೆಂಡ್ ಮೊದಲಿನದನ್ನೂ ಅದು ಸೇರಿಸಿಕೊಳ್ಳುತ್ತದೆ. ಅದನ್ನು ಸೊನ್ನೆಯಲ್ಲಿ ಬಿಡಬೇಡ.

ಜಾಗದ ಚಿಂತೆ ನಿನಗೆ ಸಹಜ. ಈ ಯಂತ್ರದಲ್ಲಿ ಸ್ಯಾಂಪಲ್ಲಿಗೆಂದು ಬಂದಿರುವುದು 16 ಮೆಗಾಬೈಟ್ ಮೆಮೊರಿ. ಮೋನೊದಲ್ಲಿ ಹಿಡಿದರೆ 2 ನಿಮಿಷ 54 ಸೆಕೆಂಡ್, ಸ್ಟೀರಿಯೊದಲ್ಲಿ ಅದರ ಅರ್ಧ. ನಿನ್ನ ಫೋನಿನ ಮುಂದೆ ಇದು ಏನೂ ಅಲ್ಲ ಅನ್ನಿಸುತ್ತದೆ. ಆಸ್ಟ್ರೇಲಿಯಾದ ಪೀಟರ್ ವೋಗೆಲ್ ಮತ್ತು ಕಿಮ್ ರೈರಿ 1979ರಲ್ಲಿ ತಂದ ಫೇರ್‌ಲೈಟ್ ಸಿಎಂಐ ಎಂಬ ಸ್ಯಾಂಪ್ಲರಿನಲ್ಲಿ ಒಂದೊಂದು ದನಿಗೆ ಇದ್ದ ಜಾಗ 16 ಕಿಲೋಬೈಟ್. ಅಷ್ಟರಲ್ಲೇ ಆ ಕಾಲದವರು ಹಾಡು ಕಟ್ಟಿದರು. ಏಕೆಂದರೆ ಏನನ್ನು ಹಿಡಿಯಬೇಕು ಎಂದು ಮೊದಲೇ ತೀರ್ಮಾನಿಸಿರುತ್ತಿದ್ದರು. ಒಂದೇ ಮೈಕಿನಿಂದ ಬಂದ ತಮಟೆಗೆ ಸ್ಟೀರಿಯೊ ಯಾಕೆ? ಎರಡೂ ಕಡೆ ಅದೇ ದನಿ ಕೂತು ಜಾಗ ತಿನ್ನುತ್ತದೆ. ಇನ್‌ಪುಟ್ 1ರ ಪ್ಯಾನನ್ನು ಪೂರ್ತಿ ಎಡಕ್ಕೆ ತಿರುಗಿಸಿ ಎಲ್-ಮೋನೊದಲ್ಲಿ ಹಿಡಿ. ವೇದಿಕೆಯ ಮೇಲೆ ಎಡಬಲದ ಹರವು ಬೇಕಾದರೆ ರಿವರ್ಬ್ ಕೊಡುತ್ತದೆ.

ಫೋನಿನಲ್ಲೇ ಹಿಡಿದು ವೇವ್ ಫೈಲ್ ಮಾಡಿ ಕಾಂಪ್ಯಾಕ್ಟ್ ಫ್ಲ್ಯಾಶ್ ಕಾರ್ಡಿನಿಂದ ಯಂತ್ರಕ್ಕೆ ಹಾಕಬಹುದಲ್ಲ ಎಂದು ಕೇಳುತ್ತೀಯ. ಹಾಕಬಹುದು. ಆದರೆ ಫೋನು ಮಾತಿಗೆಂದು ಮಾಡಿದ್ದು. ಮೆಲ್ಲಗಿನದನ್ನು ತಾನೇ ಏರಿಸುತ್ತದೆ, ಜೋರಿನದನ್ನು ತಾನೇ ಅದುಮುತ್ತದೆ, ಹಿನ್ನೆಲೆ ಸದ್ದೆಂದು ತಿಳಿದು ಕಂಸಾಳೆಯ ಬಾಲವನ್ನೇ ಅಳಿಸುತ್ತದೆ. ಆ ಉಪಕಾರಗಳನ್ನೆಲ್ಲ ನಿಲ್ಲಿಸಲು ಬರುವ ರೆಕಾರ್ಡಿಂಗ್ ಆ್ಯಪ್ ಇದ್ದರೆ ಮಾತ್ರ ಆ ದಾರಿ ಹಿಡಿ.

ಬಣ್ಣ ಅಂಟುವ ಜಾಗ

ಈಗ ಎಫೆಕ್ಟಿಗೆ ಬರೋಣ. ಪರದೆಯಲ್ಲಿ ಇನ್‌ಪುಟ್ 1ರ ಮುಂದೆ ಬಸ್ ಸೆಲೆಕ್ಟ್ ಎಂಬುದೊಂದಿದೆ. ಒಳಬಂದ ದನಿ ಯಾವ ದಾರಿ ಹಿಡಿಯಬೇಕು ಎಂಬ ಆಯ್ಕೆ ಅದು. ಎಲ್/ಆರ್ ಎಂದು ಇಟ್ಟರೆ ನೇರವಾಗಿ ಮುಖ್ಯ ದಾರಿಗೆ ಹೋಗುತ್ತದೆ. ಐಎಫ್‌ಎಕ್ಸ್ 1ರಿಂದ 5ರ ತನಕ ಯಾವುದಾದರೂ ಇಟ್ಟರೆ ಆ ಇನ್ಸರ್ಟ್ ಎಫೆಕ್ಟಿನೊಳಗೆ ಹಾದು ಹೋಗುತ್ತದೆ. ಮುಖ್ಯವಾದ ಸಂಗತಿ ಇದು: ಸ್ಯಾಂಪಲಿಂಗ್ ಆಗುವುದು ಇನ್ಸರ್ಟ್ ಎಫೆಕ್ಟಿನ ಆಚೆ ಬದಿಯಲ್ಲಿ. ಅಂದರೆ ಐಎಫ್‌ಎಕ್ಸ್ ಮೂಲಕ ಹಾಯಿಸಿ ಹಿಡಿದರೆ ಎಫೆಕ್ಟೂ ದನಿಯ ಜೊತೆಗೇ ಅಚ್ಚಾಗುತ್ತದೆ.

ಇಳಕಲ್ಲಿನ ಸೀರೆ ನೇಯುವವರು ನೂಲಿಗೆ ಮೊದಲು ಬಣ್ಣ ಕೊಟ್ಟು ಆಮೇಲೆ ಮಗ್ಗಕ್ಕೆ ಏರಿಸುತ್ತಾರೆ. ಆ ಬಣ್ಣ ನೇಯ್ಗೆಯ ಒಳಗೇ ಇರುತ್ತದೆ, ಸೀರೆಯಾದ ಮೇಲೆ ಬೇರೆ ಬಣ್ಣ ಬೇಕಿತ್ತು ಅಂದರೆ ನಡೆಯುವುದಿಲ್ಲ. ಇನ್ಸರ್ಟ್ ಎಫೆಕ್ಟಿನ ಮೂಲಕ ಹಿಡಿದ ಸ್ಯಾಂಪಲ್ಲೂ ಅಂಥದ್ದೇ. ನೇಕಾರರಿಗೆ ಯಾವ ಬಣ್ಣವೆಂದು ಮೊದಲೇ ಗೊತ್ತಿರುತ್ತದೆ. ನಿನಗೆ ಗೊತ್ತಿದೆಯೆ?

ಗೊತ್ತಿದ್ದರೂ ಇನ್ನೊಂದು ಕಷ್ಟವಿದೆ. ಸ್ಯಾಂಪಲ್ಲನ್ನು ಬೇರೆ ಕೀಯಲ್ಲಿ ನುಡಿಸುವುದೆಂದರೆ ಅದನ್ನು ವೇಗವಾಗಿಯೋ ನಿಧಾನವಾಗಿಯೋ ಓಡಿಸುವುದು. ಒಳಗೆ ಅಚ್ಚಾದದ್ದೆಲ್ಲ ಅದೇ ವೇಗದಲ್ಲಿ ಓಡಬೇಕು. ಚೌಡಿಕೆಯ ತಂತಿಯ ಒಂದು ಮೀಟನ್ನು 400 ಮಿಲಿಸೆಕೆಂಡಿನ ಎಕೋ ಸೇರಿಸಿ ಹಿಡಿದೆ ಎಂದುಕೊ. ಮೂಲ ಷಡ್ಜದಲ್ಲಿ ಎಕೋ 400ಕ್ಕೆ ಮರಳುತ್ತದೆ. ಪಂಚಮದಲ್ಲಿ ಸುಮಾರು 267ಕ್ಕೆ, ತಾರ ಷಡ್ಜದಲ್ಲಿ 200ಕ್ಕೆ. ಮೂರನ್ನೂ ಒಟ್ಟಿಗೆ ನುಡಿಸಿದರೆ ಎಕೋಗಳು ಒಂದರ ಕಾಲಿಗೆ ಒಂದು ಅಡ್ಡ ಬರುತ್ತವೆ. ಲಯ ಎಲ್ಲಿ ತಪ್ಪಿತು ಎಂದು ನೀನು ತಬಲಾದವರ ಮುಖ ನೋಡುತ್ತೀಯ, ಅವರು ನಿನ್ನ ಮುಖ ನೋಡುತ್ತಾರೆ. ರಿವರ್ಬ್ ಆದರೂ ಹೀಗೆಯೇ. ಮೇಲಿನ ಕೀಗಳಲ್ಲಿ ಕೋಣೆ ಕುಗ್ಗುತ್ತದೆ, ಕೆಳಗಿನ ಕೀಗಳಲ್ಲಿ ಹಿಗ್ಗುತ್ತದೆ. ಹಿಡಿದ ಜಾಗದ ಗೋಡೆಗಳ ಅನುರಣನೆಗೂ ಇದೇ ಗತಿ. ಅದಕ್ಕೇ ಬರಿಗೋಡೆಯ ಹಾಲ್‌ಗಿಂತ ಹಾಸಿಗೆ, ಬಟ್ಟೆಬರೆ ತುಂಬಿದ ಮಲಗುವ ಕೋಣೆ ಸ್ಯಾಂಪಲಿಂಗಿಗೆ ವಾಸಿ.

ಹಾಗಾದರೆ ಎಫೆಕ್ಟ್ ಹಾಕಿದ ಸ್ಯಾಂಪಲ್ಲೇ ಬೇಡವೆ? ಬೇಕು. ಇನ್ಸರ್ಟ್ ಎಫೆಕ್ಟ್ ಇರುವುದು ಐದೇ. ಒಂದು ಹಾಡಿನಲ್ಲಿ ಆರ್ಗನ್ನಿಗೊಂದು, ಬೇಸಿಗೊಂದು, ಗಾಯಕರ ಮೈಕಿಗೆರಡು ಕೊಟ್ಟರೆ ಉಳಿಯುವುದು ಒಂದೇ. ಡೊಳ್ಳಿಗೆ ಡಿಸ್ಟಾರ್ಷನ್ ಬೇಕೇ ಬೇಕು ಅಂದರೆ ಅದನ್ನು ಅಚ್ಚೊತ್ತಿಬಿಡುವುದೇ ಜಾಣತನ. ಅದಕ್ಕೊಂದು ಕ್ರಮವಿದೆ. ಮೊದಲು ಎಲ್/ಆರ್ ದಾರಿಯಲ್ಲಿ ಹಸಿ ದನಿಯನ್ನು ಹಿಡಿದು ಕಾರ್ಡಿಗೆ ಉಳಿಸು. ಆಮೇಲೆ ರೀಸ್ಯಾಂಪಲ್ ಮಾಡು. ಯಂತ್ರ ತನ್ನೊಳಗಿನ ಸ್ಯಾಂಪಲ್ಲನ್ನೇ ಎಫೆಕ್ಟಿನ ಮೂಲಕ ನುಡಿಸಿ ಹೊಸ ಸ್ಯಾಂಪಲ್ ಆಗಿ ಹಿಡಿಯುತ್ತದೆ. ನಾಳೆ ಆ ಡಿಸ್ಟಾರ್ಷನ್ ಬೇಸರವಾದರೆ ಹಸಿ ದನಿ ಅಲ್ಲೇ ಇರುತ್ತದೆ, ಡೊಳ್ಳಿನವರನ್ನು ಮತ್ತೆ ಊರಿಂದ ಕರೆಸಬೇಕಿಲ್ಲ. ನಿನ್ನ ಯಂತ್ರದ ಮುಂಭಾಗದಲ್ಲಿ ಗಾಜಿನ ಹಿಂದೆ ಕಾಣುವ 12ಎಯು7 ವಾಲ್ವ್ ಇದೆಯಲ್ಲ, ಅದರ ಬೆಚ್ಚನೆಯ ದನಿಗೆ ಮನಸೋಲುವುದು ಸುಲಭ. ಅದನ್ನೂ ಈ ಎರಡನೇ ಸುತ್ತಿಗೇ ಇಟ್ಟುಕೊ.

ಹಿಡಿಯುವಾಗಲೇ ಹಾಕಬಹುದಾದ ಒಂದೇ ಒಂದು ಸಂಸ್ಕಾರ ಮಿಕ್ಸರಿನ ಲೋ ಕಟ್. ಮೈಕ್ ಸ್ಟ್ಯಾಂಡಿಗೆ ಕಾಲು ತಾಗಿದ್ದು, ಫ್ಯಾನಿನ ಗಾಳಿ, ರಸ್ತೆಯಲ್ಲಿ ಹೋದ ಲಾರಿ ಇವುಗಳ ದಡದಡವನ್ನು ಅದು ತಡೆಯುತ್ತದೆ. ಗಾಯನಕ್ಕೆ, ಕಂಸಾಳೆಗೆ ಒತ್ತು. ಡೊಳ್ಳಿಗೆ ಒತ್ತಬೇಡ, ಅದರ ಪ್ರಾಣ ಇರುವುದೇ ಆ ಕೆಳಗಿನ ದನಿಯಲ್ಲಿ.

ಕೀಗಳ ಮೇಲೆ ಹರಡುವಾಗ

ಹಿಡಿದ ಸ್ಯಾಂಪಲ್ಲುಗಳನ್ನು ಕೀಗಳಿಗೆ ಹಂಚಿದರೆ ಮಲ್ಟಿಸ್ಯಾಂಪಲ್. ತಾಳವಾದ್ಯದ ಲೆಕ್ಕ ಸರಳ, ಒಂದು ಪೆಟ್ಟಿಗೆ ಒಂದು ಕೀ. ಸ್ವರವಾದ್ಯಕ್ಕೆ ಮೂರು ನಾಲ್ಕು ಕೀಗೊಂದು ಹೊಸ ಸ್ಯಾಂಪಲ್ ಬೇಕು. ಒಂದೇ ದನಿಯನ್ನು ಇಡೀ ಸ್ಥಾಯಿಗೆ ಎಳೆದರೆ ಮೇಲೆ ಇಲಿಯ ದನಿ, ಕೆಳಗೆ ಗೂಳಿಯ ದನಿ. ಚೌಡಿಕೆಯ ತಂತಿ ಕೀಬೋರ್ಡಿನ ಶ್ರುತಿಗೆ ಸರಿಯಾಗಿ ನಿಂತಿರುವುದಿಲ್ಲ. ಒರಿಜಿನಲ್ ಕೀ ಯಾವುದೆಂದು ಸರಿಯಾಗಿ ಕೊಟ್ಟು, ಉಳಿದ ಚೂರು ವ್ಯತ್ಯಾಸವನ್ನು ಪಿಚ್ ತಿದ್ದುವ ಕಡೆ ಸರಿಮಾಡು. ಹಾರ್ಮೋನಿಯಂ ಇದ್ದರೆ ಅದರ ಷಡ್ಜದ ಪಕ್ಕ ಇಟ್ಟು ಕಿವಿಯಿಂದಲೇ ಸೇರಿಸು.

ಗಮಕವನ್ನು ಮಾತ್ರ ಒಂದು ಸ್ಯಾಂಪಲ್ಲಿನೊಳಗೆ ಹಿಡಿದು ಎಲ್ಲ ಕೀಗಳಿಗೂ ಹರಡಲು ಹೋಗಬೇಡ. ಜಾರಿನ ವೇಗ ಒಂದೊಂದು ಕೀಯಲ್ಲಿ ಒಂದೊಂದಾಗುತ್ತದೆ. ನೇರ ಸ್ವರವನ್ನು ಹಿಡಿ, ಜಾರನ್ನು ಎಡಗೈಯ ಜಾಯ್‌ಸ್ಟಿಕ್ಕಿನಲ್ಲಿ ನೀನೇ ನುಡಿಸು. ಕಲಾವಿದರ ಒಂದು ಜಾರು ಅಷ್ಟು ಸೊಗಸಾಗಿದ್ದರೆ ಅದನ್ನು ಇಡಿಯಾಗಿ ಒಂದೇ ಕೀಗೆ ಕೂರಿಸು, ಹಾಡಿನಲ್ಲಿ ಅದರ ಜಾಗ ಬಂದಾಗ ಒತ್ತು.

ಮೆಲು ಪೆಟ್ಟು, ಜೋರು ಪೆಟ್ಟು ಎರಡನ್ನೂ ಹಿಡಿದಿದ್ದೀಯಲ್ಲ, ಅವಕ್ಕೆ ಪ್ರೋಗ್ರಾಂನಲ್ಲಿ ಲೋ, ಹೈ ಎಂದು ಎರಡು ಜಾಗ ಇವೆ. ಕೀಯನ್ನು ಎಷ್ಟು ಬಲವಾಗಿ ಒತ್ತಿದರೆ ಯಾವುದು ನುಡಿಯಬೇಕು ಎಂದು ಗೆರೆ ಎಳೆಯಬಹುದು. ಇಲ್ಲಿ ಒಂದು ಎಚ್ಚರಿಕೆ. ಎಲ್ಲ ಸ್ಯಾಂಪಲ್ಲುಗಳನ್ನೂ ನಾರ್ಮಲೈಸ್ ಮಾಡಿ ಒಂದೇ ಮಟ್ಟಕ್ಕೆ ಏರಿಸುವ ಚಪಲ ಬರುತ್ತದೆ. ಹಾಗೆ ಮಾಡಿದರೆ ಮೆಲು ಪೆಟ್ಟು ಜೋರು ಪೆಟ್ಟಿನಷ್ಟೇ ಎತ್ತರಕ್ಕೆ ನಿಂತು, ನಡುವಿನ ಅಂತರವೇ ಅಳಿಸಿಹೋಗುತ್ತದೆ, ಕೆಳಗೆ ಮಲಗಿದ್ದ ಕೋಣೆಯ ಸದ್ದೂ ಎದ್ದು ಕೂರುತ್ತದೆ.

ತಂಬೂರಿ, ಹಾರ್ಮೋನಿಯಂ ಥರದ ನಿಲ್ಲುವ ದನಿಗಳಿಗೆ ಲೂಪ್ ಬೇಕು. ತೀರಾ ಚಿಕ್ಕ ತುಂಡನ್ನು ಸುತ್ತಿಸಿದರೆ ಯಂತ್ರದ ಗುಯ್‌ಗುಟ್ಟುವಿಕೆ ಕೇಳುತ್ತದೆ. ದನಿ ಸ್ಥಿರವಾದ ಮೇಲೆ ಉದ್ದನೆಯ ತುಂಡು ಆರಿಸು, ಅಲೆ ಸೊನ್ನೆಯ ಗೆರೆ ದಾಟುವಲ್ಲಿ ತುದಿಗಳನ್ನು ಇಡು, ಆದರೂ ಟಿಕ್ ಎಂದರೆ ಕ್ರಾಸ್‌ಫೇಡ್ ಲೂಪ್ ಬಳಸು. ಇದನ್ನು ಹೆಡ್‌ಫೋನಿನಲ್ಲಿ ಕೇಳಿ ಮಾಡು.

ಹಾಡುವವರ ಮೈಕು ಯಂತ್ರದೊಳಗೆ ಬಂದಾಗ

ಸ್ಯಾಂಪಲಿಂಗ್‌ನಲ್ಲಿ ಎಫೆಕ್ಟನ್ನು ದೂರವಿಡು ಎಂದೆ. ವೇದಿಕೆಯ ಮೇಲೆ ಮೈಕನ್ನು ಹಾಯಿಸುವಾಗ ಎಫೆಕ್ಟೇ ಕೆಲಸ, ಯಾಕೆಂದರೆ ಅಲ್ಲಿ ಅಚ್ಚಾಗುವುದು ಏನೂ ಇಲ್ಲ. ಅಲ್ಲಿಯ ಜಾಣ್ಮೆ ಬೇರೆ.

ದನಿಯನ್ನೇ ಬದಲಿಸುವ ಕಂಪ್ರೆಸರ್, ಈಕ್ವಲೈಸರ್, ಡಿಸ್ಟಾರ್ಷನ್ ಇವೆಲ್ಲ ಇನ್ಸರ್ಟಿಗೆ. ಎಲ್ಲರೂ ಹಂಚಿಕೊಳ್ಳುವ ರಿವರ್ಬ್, ಎಕೋ ಮಾಸ್ಟರ್ ಎಫೆಕ್ಟಿಗೆ, ಸೆಂಡ್ 1, ಸೆಂಡ್ 2ರಿಂದ ಬೇಕಾದಷ್ಟು ಕಳಿಸು. ಗಾಯಕರೂ ನಿನ್ನ ಚೌಡಿಕೆಯೂ ಒಂದೇ ರಿವರ್ಬಿನಲ್ಲಿ ಇದ್ದರೆ ಒಂದೇ ಜಾಗದಲ್ಲಿ ಕೂತು ಹಾಡಿದ ಹಾಗೆ ಕೇಳುತ್ತದೆ. ಇನ್ಸರ್ಟುಗಳನ್ನು ಸಾಲಾಗಿ ಜೋಡಿಸುವಾಗ ಮೊದಲು ಶುಚಿ ಮಾಡುವವು, ಆಮೇಲೆ ಬಣ್ಣ ಕೊಡುವವು. ರಿವರ್ಬ್ ಆದಮೇಲೆ ಕಂಪ್ರೆಸರ್ ಇಟ್ಟರೆ ಅದು ರಿವರ್ಬಿನ ಬಾಲವನ್ನೇ ಎತ್ತಿ ತೋರಿಸುತ್ತದೆ.

ಕಂಪ್ರೆಸರಿನಲ್ಲಿ ಕೈ ಬಿಗಿಯಿರಲಿ. ಜೋರನ್ನು ತಗ್ಗಿಸಿ ಒಟ್ಟು ಮಟ್ಟವನ್ನು 6 ಡೆಸಿಬಲ್ ಏರಿಸಿದರೆ ಮಾನಿಟರಿನಿಂದ ಮೈಕಿಗೆ ಮರಳುವ ದನಿಯೂ 6 ಡೆಸಿಬಲ್ ಏರಿತು. ಮನೆಯಲ್ಲಿ ಹೆಡ್‌ಫೋನಿನಲ್ಲಿ ಚೆಂದ ಕೇಳಿದ್ದು ಪೆಂಡಾಲಿನಲ್ಲಿ ಕೂಯ್ ಎಂದು ಕೂಗುತ್ತದೆ. ಅಲ್ಲಿಗೆ ಹೋದ ಮೇಲೆ ಸ್ವಲ್ಪ ಇಳಿಸಲು ಸಿದ್ಧಳಾಗಿರು.

ಕಾಲು ಜಾರುವ ಎಲ್ಲಕ್ಕಿಂತ ದೊಡ್ಡ ಹಳ್ಳ ಇದು. ಇನ್‌ಪುಟ್ 1 ಐಎಫ್‌ಎಕ್ಸ್ 1ಕ್ಕೆ ಹೋಗಲಿ ಎಂದು ನೀನು ಇಟ್ಟಿರುತ್ತೀಯ. ಆ ದಾರಿ ಹಾಗೇ ಉಳಿದರೂ ಐಎಫ್‌ಎಕ್ಸ್ 1ರಲ್ಲಿ ಏನಿದೆ ಎಂಬುದು ಪ್ರೋಗ್ರಾಂ ಬದಲಿಸಿದ ಹಾಗೆ ಬದಲಾಗುತ್ತದೆ. ಪಲ್ಲವಿಯಲ್ಲಿ ಪಿಯಾನೊ, ಅಲ್ಲಿ ಐಎಫ್‌ಎಕ್ಸ್ 1ರಲ್ಲಿ ಮೆಲು ಕಂಪ್ರೆಸರ್. ಚರಣಕ್ಕೆ ಲೀಡ್ ಗಿಟಾರಿನ ದನಿ ಒತ್ತಿದೆ, ಅಲ್ಲಿ ಡಿಸ್ಟಾರ್ಷನ್. ಗಾಯಕಿಯ ದನಿ ಚರಣದ ಮೊದಲ ಅಕ್ಷರಕ್ಕೇ ಹರಿದುಹೋಗುತ್ತದೆ. ಅದಕ್ಕೆ ಮೈಕಿಗೆಂದು ಒಂದು ಜಾಗವನ್ನು ಕಾಯಂ ಮಾಡು, ಐಎಫ್‌ಎಕ್ಸ್ 5 ಇರಲಿ. ಕಾರ್ಯಕ್ರಮದಲ್ಲಿ ಬಳಸುವ ಪ್ರತಿ ಪ್ರೋಗ್ರಾಂ, ಹಲವು ಪ್ರೋಗ್ರಾಂ ಕೂಡಿಸಿದ ಪ್ರತಿ ಕಾಂಬಿಯಲ್ಲೂ ಅಲ್ಲಿ ಅದೇ ಎಫೆಕ್ಟು, ಅದೇ ಮಟ್ಟ ಇಟ್ಟು ರೈಟ್ ಮಾಡು. ಬೇಸರದ ಕೆಲಸ, ಒಂದು ಮಧ್ಯಾಹ್ನ ತಿನ್ನುತ್ತದೆ, ಆದರೆ ಆಮೇಲೆ ಎಷ್ಟು ಹೊತ್ತಿಗೆ ಏನು ಒತ್ತಿದರೂ ಭಯವಿಲ್ಲ.

ವೋಕೋಡರ್ ಇಷ್ಟ ಅಂತ ನೀನು ಹೇಳಿದ್ದೆ. 1930ರ ದಶಕದಲ್ಲಿ ಬೆಲ್ ಲ್ಯಾಬ್ಸ್‌ನ ಹೋಮರ್ ಡಡ್ಲಿ ಟೆಲಿಫೋನ್ ಮಾತನ್ನು ಕಡಿಮೆ ಜಾಗದಲ್ಲಿ ಸಾಗಿಸಲೆಂದು ಮಾಡಿದ್ದು ಸಂಗೀತಕ್ಕೆ ಬಂದು ಸೇರಿತು. ಮೈಕಿನ ಮಾತು ಕೀಬೋರ್ಡಿನ ದನಿಗೆ ಬಾಯಿ ಕೊಡುತ್ತದೆ. ಅದು ಚೆನ್ನಾಗಿ ಕೇಳಬೇಕಾದರೆ ಉಚ್ಚಾರ ಸ್ಪಷ್ಟವಿರಬೇಕು, ಬಾಯಿ ಮೈಕಿಗೆ ಹತ್ತಿರವಿರಬೇಕು, ಕೆಳಗೆ ತುಂಬಿದ ದನಿಯ ಸ್ಟ್ರಿಂಗ್ಸೋ ಸಿಂಥೋ ಇರಬೇಕು. ಸ, ಶ, ಚ ಮುಂತಾದ ಅಕ್ಷರಗಳಿಗೆ ಮೇಲಿನ ಕಂಪನಗಳು ಬೇಕು, ಮಂಕು ದನಿಯ ಮೇಲೆ ಅವು ಮೂಡುವುದಿಲ್ಲ. ಒಂದು ಹಾಡಿಗೆ ಸಾಕು, ಇಡೀ ಕಾರ್ಯಕ್ರಮಕ್ಕೆ ಬೇಡ.

ಮೈಕ್ ಬಳಸದ ಹೊತ್ತಿನಲ್ಲಿ ಇನ್‌ಪುಟ್ಟಿನ ಬಸ್ ಸೆಲೆಕ್ಟನ್ನು ಆಫ್ ಮಾಡಿಡು. ಸುಮ್ಮನೆ ತೆರೆದಿಟ್ಟ ಬಾಗಿಲಿನಿಂದ ವೈರಿನ ಸದ್ದೆಲ್ಲ ಒಳಗೆ ಬಂದು ಎಫೆಕ್ಟಿನಲ್ಲಿ ದೊಡ್ಡದಾಗಿ ಹೊರಗೆ ಹೋಗುತ್ತದೆ. ಸ್ಯಾಂಪಲ್ ಹಿಡಿಯುವಾಗಲೂ ಸ್ಪೀಕರ್ ಬಂದ್ ಮಾಡಿ ಹೆಡ್‌ಫೋನ್ ಹಾಕು.

ಉಳಿಸಿದರೆ ಉಂಟು

ಹಿಡಿದ ಸ್ಯಾಂಪಲ್ ಇರುವುದು ರ‍್ಯಾಮಿನಲ್ಲಿ. ಸ್ವಿಚ್ ಆರಿಸಿದರೆ ಹೋಯಿತು, ಕರೆಂಟ್ ಹೋದರೂ ಹೋಯಿತು. ಲೋಡ್ ಶೆಡ್ಡಿಂಗ್ ನಿನ್ನ ತಮಟೆಯ ಕಾವಿಗೆ ಕಾಯುವುದಿಲ್ಲ. ಒಂದು ವಾದ್ಯ ಮುಗಿದ ತಕ್ಷಣ ಕಾರ್ಡಿಗೆ ಉಳಿಸು, ಆಮೇಲೆ ಮುಂದಿನ ವಾದ್ಯ. ಮನೆಯಲ್ಲಿ ಯುಪಿಎಸ್ ಇದ್ದರೆ ಅವತ್ತಿನ ಮಟ್ಟಿಗೆ ಅದು ಯಂತ್ರದ ಕೆಳಗಿರಲಿ.

ಉಳಿಸುವಾಗ ಸ್ಯಾಂಪಲ್ ಒಂದು ಕಡೆ, ಪ್ರೋಗ್ರಾಂ ಇನ್ನೊಂದು ಕಡೆ ಹೋಗುತ್ತವೆ. ದನಿಯ ವಿವರ ಕೆಎಸ್‌ಸಿ ಫೈಲಿನ ಜೊತೆ, ಪ್ರೋಗ್ರಾಂ ಮತ್ತು ಕಾಂಬಿ ಪಿಸಿಜಿ ಫೈಲಿನಲ್ಲಿ. ಪ್ರೋಗ್ರಾಂ ಸ್ಯಾಂಪಲ್ಲುಗಳನ್ನು ನೆನಪಿಟ್ಟುಕೊಳ್ಳುವುದು ಅವುಗಳ ಕ್ರಮಸಂಖ್ಯೆಯಿಂದ. ನಾಳೆ ಬೇರೆ ಸರದಿಯಲ್ಲಿ ಲೋಡ್ ಮಾಡಿದರೆ ಚೌಡಿಕೆಯ ಕೀ ಒತ್ತಿದಾಗ ಡೊಳ್ಳು ನುಡಿಯುತ್ತದೆ. ಎಲ್ಲವನ್ನೂ ಒಟ್ಟಿಗೆ ಉಳಿಸುವ ಸೇವ್ ಆಲ್ ಬಳಸು, ಒಟ್ಟಿಗೇ ಲೋಡ್ ಮಾಡು. ಫೈಲ್ ಹೆಸರಿಗೆ ಎಂಟೇ ಅಕ್ಷರದ ಜಾಗ, ಆದ್ದರಿಂದ ಯಾವ ಫೈಲಿನಲ್ಲಿ ಏನಿದೆ ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡು. ವಾದ್ಯ, ನುಡಿಸಿದವರು, ಶ್ರುತಿ, ಮೈಕು, ದಿನಾಂಕ. ಕಾರ್ಡಿನ ಇನ್ನೊಂದು ಪ್ರತಿ ಕಂಪ್ಯೂಟರಿನಲ್ಲಿರಲಿ. ಕಾರ್ಯಕ್ರಮದ ದಿನ ಆನ್ ಮಾಡಿದ ಮೇಲೆ ಎಲ್ಲ ಮತ್ತೆ ಲೋಡ್ ಆಗಬೇಕು, ಆ ಹೊತ್ತನ್ನೂ ಲೆಕ್ಕ ಹಾಕಿ ಬೇಗ ಹೋಗು.

ನುಡಿಸಿದವರ ಹೆಸರು ಬರೆದಿಡು ಅಂದದ್ದು ನೆನಪಿಗೆ ಮಾತ್ರ ಅಲ್ಲ. ಎಲ್ಲಮ್ಮನ ಭಕ್ತರಿಗೆ ಚೌಡಿಕೆ, ಮಾದಪ್ಪನ ಭಕ್ತರಿಗೆ ಕಂಸಾಳೆ ಬರೀ ವಾದ್ಯವಲ್ಲ, ಹರಕೆಯ ವಸ್ತು. ಅವರ ದನಿಯನ್ನು ಏತಕ್ಕೆ ತೆಗೆದುಕೊಳ್ಳುತ್ತಿದ್ದೀಯ, ಎಂಥ ಹಾಡಿಗೆ ಹಾಕುತ್ತೀಯ ಎಂದು ಮೊದಲೇ ಹೇಳಿ ಒಪ್ಪಿಗೆ ಪಡೆ, ಸಂಭಾವನೆ ಕೊಡು. ಕಾನೂನೂ ಅದನ್ನೇ ಹೇಳುತ್ತದೆ. 1957ರ ಕೃತಿಸ್ವಾಮ್ಯ ಕಾಯ್ದೆಗೆ 1994ರಲ್ಲಿ ಆದ ತಿದ್ದುಪಡಿ ಹಾಡುವವರಿಗೆ, ನುಡಿಸುವವರಿಗೆ ತಮ್ಮ ಪ್ರದರ್ಶನದ ಮೇಲೆ ಹಕ್ಕು ಕೊಟ್ಟಿದೆ. ಹಳೆಯ ಕ್ಯಾಸೆಟ್ಟಿನಿಂದಲೋ ಸಿನಿಮಾ ಹಾಡಿನಿಂದಲೋ ಎರಡು ಸೆಕೆಂಡ್ ಎತ್ತಿದರೆ ಯಾರಿಗೆ ಗೊತ್ತಾಗುತ್ತದೆ ಎಂಬ ಮಾತು ನಿನ್ನ ಬಾಯಲ್ಲಿ ಬರಬಾರದು. ಒಪ್ಪಿಗೆಯೂ ಈಗಿನ ಪಟ್ಟಿಗೆ ಸೇರಿದ್ದಮ್ಮ, ಹಾಡು ಹೊರಬಂದ ಮೇಲೆ ಕೇಳುವಂಥದ್ದಲ್ಲ.

ಇಷ್ಟೆಲ್ಲ ಕೇಳಿ ಎಲ್ಲಿಂದ ಶುರು ಮಾಡಲಿ ಎಂದು ತಲೆ ಕೆರೆದುಕೊಳ್ಳಬೇಡ. ಈ ಭಾನುವಾರ ಒಂದೇ ಒಂದು ದನಿ ಹಿಡಿ, ಮನೆಯ ಕಂಚಿನ ತಾಳವಾದರೂ ಆದೀತು. ಬಸ್ ಎಲ್/ಆರ್, ಮೋನೊ, ಎಫೆಕ್ಟ್ ಏನೂ ಬೇಡ. ಕಾರ್ಡಿಗೆ ಉಳಿಸಿ ಯಂತ್ರವನ್ನು ಪೂರ್ತಿ ಆರಿಸು. ಮತ್ತೆ ಹಚ್ಚಿ ಲೋಡ್ ಮಾಡು. ಅದೇ ಕೀಯಲ್ಲಿ ಅದೇ ದನಿ ತಿರುಗಿ ಬಂದರೆ ಅರ್ಧ ವಿದ್ಯೆ ಕೈಗೆ ಬಂತು. ಆಮೇಲೆ ಅದಕ್ಕೆ ಯಾವ ರಿವರ್ಬ್ ಬೇಕಾದರೂ ಹಾಕಿ ನೋಡು, ತೆಗೆ, ಇನ್ನೊಂದು ಹಾಕು. ಡೊಳ್ಳಿನವರಿಗೆ ಫೋನ್ ಮಾಡುವುದು ಅದರ ಮುಂದಿನ ವಾರಕ್ಕಿರಲಿ.